ನಾಂದಣಿಯಿಂದ ಆಜರಾಕ್ಕೆ: ಗಾಡಿಯ ಕೆಳಗೊಂದು ನೋಟ

ನಾಂದಣಿ ಎಂದೊಡನೆ ನಮ್ಮ ಸಮಾಜದವರಿಗೆ ನೆನಪಾಗುವುದು ಜಿನಸೇನ ಭಟ್ಟಾರಕರ ಮಠ. ದರ್ಶನಕ್ಕೆ ಬರುವವರು ಜಯಸಿಂಗಪುರದಲ್ಲಿ ರೈಲು ಇಳಿದು ಡಾಂಬರು ರಸ್ತೆಯಲ್ಲೇ ಬಂದು, ಡಾಂಬರು ರಸ್ತೆಯಲ್ಲೇ ಮರಳುತ್ತಾರೆ. ಆದರೆ ಇಲ್ಲಿ ವ್ಯಾಪಾರ ಮಾಡಿಕೊಂಡಿರುವ ನಮ್ಮಂಥವರ ದಾರಿ ಡಾಂಬರು ಮುಗಿದ ಮೇಲೆಯೇ ಆರಂಭವಾಗುತ್ತದೆ. ಕೃಷ್ಣೆ, ಪಂಚಗಂಗೆ, ವಾರಣೆ, ದೂಧಗಂಗೆ ಈ ನಾಲ್ಕೂ ನದಿಗಳ ನೀರುಂಡ ಶಿರೋಳ ತಾಲೂಕಿನ ಹೊಲಗಳು ಎರೆಮಣ್ಣಿನವು. ಕಬ್ಬಾಗಲಿ ಕಾಯಿಪಲ್ಲೆಯಾಗಲಿ ಹೊಲದಿಂದ ಹೊರಬರುವುದು ಪಾಣಂದ ಎಂದು ಕರೆಯುವ ಬಂಡಿದಾರಿಯಲ್ಲಿ. ಒಂದು ಮಳೆ ಬಿದ್ದರೆ ಸಾಕು, ಆ ಮಣ್ಣು ಚಕ್ರವನ್ನು ಹಿಡಿದರೆ ಬಿಡುವುದಿಲ್ಲ.

ಇಲ್ಲಿಂದ ಇಚಲಕರಂಜಿ ದಾಟಿ, ನಿಪ್ಪಾಣಿಯಲ್ಲಿ ಹೆದ್ದಾರಿ ಹಿಡಿದು, ಸ್ತವನಿಧಿ ಘಾಟ ಏರಿ, ಸಂಕೇಶ್ವರದಲ್ಲಿ ಬಲಕ್ಕೆ ಹೊರಳಿದರೆ ಗಡಹಿಂಗ್ಲಜ. ಅಲ್ಲಿಯ ಪೇಟೆಯ ಜವಾರಿ ಮೆಣಸಿನಕಾಯಿ ನಮ್ಮ ಮನೆಗಳಿಗೆಲ್ಲ ಗೊತ್ತು. ಇನ್ನೂ ಮುಂದೆ ಹಿರಣ್ಯಕೇಶಿಯ ಬದಿಗೆ ಆಜರಾ. 2016ರಲ್ಲಿ ಜಿಐ ಮಾನ್ಯತೆ ಪಡೆದ ಸುವಾಸನೆಯ ಘನಸಾಳ ಅಕ್ಕಿ ಆ ತಾಲೂಕಿನದು. ಸಂಕೇಶ್ವರದಿಂದ ಪಶ್ಚಿಮಕ್ಕೆ ಹೋದಂತೆ ಮಣ್ಣಿನ ಬಣ್ಣ ಕಪ್ಪಿನಿಂದ ಕೆಂಪಿಗೆ ತಿರುಗುತ್ತದೆ. ನಮ್ಮ ಎರೆಮಣ್ಣು ಗಾಡಿಗೆ ಅಂಟಿಕೊಂಡು ಕಾಡಿದರೆ, ಅಲ್ಲಿಯ ಕೆಂಪು ದಾರಿ ಕಲ್ಲಿನಿಂದ ಬಡಿದು ಕಾಡುತ್ತದೆ.

2018ರ ಡಿಸೆಂಬರಿನಲ್ಲಿ ನಮ್ಮ ಟಾಟಾ 407 ಗಾಡಿ ಆಜರಾ ಬದಿಯ ಒಂದು ವಸ್ತಿಯಿಂದ ಅಕ್ಕಿ ತುಂಬಿಕೊಂಡು ರಾತ್ರಿ ಮನೆಗೆ ಬಂತು. ಚಾಲಕ ಇಳಿದವನೇ ಹೇಳಿದ: “ಸಾವುಕಾರ್ರ, ಹಳ್ಳ ಏರೂ ಮುಂದ ಕಲ್ಲಿಗೆ ಒಮ್ಮೆ ಜೋರ ಬಡದೈತ್ರಿ. ಮುಂಜಾನೆ ಕೆಳಗ ಹೊಕ್ಕು ನೋಡ್ತೀನ್ರಿ.”

ನಾವು ಹೇಳಿದ್ದು ಇಷ್ಟೇ: “ಇಚಲಕರಂಜಿಯಾಗ ಅರಿವಿ ಗಂಟು ಕಾಯಾಕತ್ತಾವು. ನಾಳೆ ಬೆಳಗಾವಿಗೆ ಮುಟ್ಟಬೇಕು. ಬಂದ ಮ್ಯಾಲ ನೋಡೋಣು.”

ಮರುದಿನ ಸ್ತವನಿಧಿ ಘಾಟ ಏರುವಾಗ ಹಿಂದಿನ ಬಲಬದಿಯ ಮುಖ್ಯ ಪಾಟಾ ಮುರಿದು ಹಿಂದಿನ ಅಚ್ಚು ಸರಿಯಿತು. ಗಾಡಿ ಒಂದು ಬದಿಗೆ ವಾಲಿ ನಿಂತಿತು. ಏರಿನಲ್ಲಿ ನಿಧಾನವಾಗಿ ಹೋಗುತ್ತಿದ್ದುದರಿಂದ ಚಾಲಕನೂ ಜೊತೆಗಿದ್ದ ಹುಡುಗನೂ ಉಳಿದರು. ಅದೇ ಇಳುಕಲಿನಲ್ಲಿ ಆಗಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಊಹಿಸಲು ಮನಸ್ಸಾಗುವುದಿಲ್ಲ. ನಾವು ಮಾತ್ರ ಸ್ಥಳಕ್ಕೆ ಹೋದವರೇ, ಗಾಡಿ ಓಡಿಸಲು ಬರುವುದಿಲ್ಲವೇ ಎಂದು ಅವನನ್ನೇ ಗದರಿದೆವು. ಅವನು ಎದುರಾಡಲಿಲ್ಲ.

ಪಾಟಾ ಬಿಚ್ಚಿದ ಮೇಸ್ತ್ರಿ ಮುರಿದ ತುಂಡನ್ನು ನಮ್ಮ ಕೈಗೆ ಕೊಟ್ಟ. ಮುರಿದ ಬಾಯಿಯ ಅರ್ಧಭಾಗ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಇನ್ನರ್ಧದಲ್ಲಿ ಕೆಂಪು ಮಣ್ಣು ಹೊಕ್ಕು ಮಂಕಾಗಿತ್ತು. ಆ ಬಿರುಕು ಬಿದ್ದದ್ದು ಆಜರಾದ ಹಳ್ಳದಲ್ಲಿ, ಹೆದ್ದಾರಿಯಲ್ಲಲ್ಲ. ಅರ್ಧ ತಾಸು ಕೆಳಗೆ ನೋಡಿದ್ದರೆ ಮನೆಯಂಗಳದಲ್ಲೇ ಕಾಣುತ್ತಿತ್ತು. ಆ ಅರ್ಧ ತಾಸನ್ನು ಕೊಡದವರು ನಾವು.

ಕೆಟ್ಟ ದಾರಿಯಲ್ಲಿ ತಿಂದ ಪೆಟ್ಟು ಒಳ್ಳೆಯ ದಾರಿಯಲ್ಲಿ ಹೊರಬೀಳುತ್ತದೆ ಎಂಬುದನ್ನು ಅಂದು ಕಲಿತೆವು. ಹೋಗುವ ಮುನ್ನ ಗಾಡಿ ನೋಡುವವರು ಬಹಳ ಜನ. ಬಂದ ಮೇಲೆ ನೋಡುವವರು ಕಡಿಮೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಸರಕು ಗಾಡಿಗೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು ನಿಜ. ಆದರೆ ಆ ಕಾಗದಕ್ಕೆ ನಿನ್ನೆ ಬಡಿದ ಕಲ್ಲು ಗೊತ್ತಿರುವುದಿಲ್ಲ.

ಈಗ ನಮ್ಮ ಮನೆಯ ಪದ್ಧತಿ ಹೀಗಿದೆ. ಹೊರಡುವ ಮುನ್ನ ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡುತ್ತೇವೆ. ನೆರಳಿಗೆ ಮಲಗಿದ ನಾಯಿಮರಿ ಎಷ್ಟೋ ಸಲ ಸಿಕ್ಕಿದೆ. ಆಮೇಲೆ ಎಂಜಿನ್ ತಂಪಾಗಿರುವಾಗಲೇ ಆಯಿಲ್, ರೇಡಿಯೇಟರಿನ ನೀರು, ಬ್ರೇಕ್ ಆಯಿಲ್, ಫ್ಯಾನ್ ಬೆಲ್ಟಿನ ಬಿಗಿ ನೋಡುವುದು. ಸ್ಟೆಪ್ನಿ ಸೇರಿ ಎಲ್ಲ ಟೈರುಗಳ ಗಾಳಿ ಅಳೆಯುವುದು. ಚಕ್ರದ ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲಾಗಿರಬಹುದು. ಜಾಕ್ ಜೊತೆಗೆ ಅಗಲವಾದ ಒಂದು ಹಲಗೆ ಇರಲೇಬೇಕು, ಇಲ್ಲದಿದ್ದರೆ ಎರೆಮಣ್ಣಿನಲ್ಲಿ ಗಾಡಿ ಏಳುವುದಿಲ್ಲ, ಜಾಕೇ ಹುಗಿಯುತ್ತದೆ. ಮೆತ್ತನೆಯ ನೆಲಕ್ಕೆಂದು ಗಾಳಿ ಇಳಿಸಿದ್ದರೆ ಡಾಂಬರಿಗೆ ಬಂದೊಡನೆ ಮತ್ತೆ ತುಂಬಬೇಕು. ಗಾಳಿ ಕಡಿಮೆಯಿದ್ದು ವೇಗವಾಗಿ ಓಡಿದ ಟೈರು ಕಾದು ಒಡೆಯುತ್ತದೆ.

ಬಂದ ಮೇಲಿನ ಕೆಲಸ ಇನ್ನೂ ಹೆಚ್ಚು. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಚಕ್ರಕ್ಕೆ ತಡೆ ಕೊಟ್ಟು, ಮಣ್ಣು ತೊಳೆಯಬೇಕು. ಮಣ್ಣಿನ ಹೊದಿಕೆಯೊಳಗೆ ಬಿರುಕು ಕಾಣುವುದಿಲ್ಲ. ರಿಮ್ಮಿನೊಳಗೆ ಒಂದೇ ಬದಿಗೆ ಒಣಗಿದ ಎರೆಮಣ್ಣು ವೇಗದಲ್ಲಿ ಚಕ್ರವನ್ನು ನಡುಗಿಸುತ್ತದೆ. ಹಿಂದಿನ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿದೆಯೇ ನೋಡಬೇಕು. ಅದು ಎರಡೂ ಟೈರುಗಳ ಬದಿಯನ್ನು ಕೊರೆಯುತ್ತದೆ, ಸಿಡಿದರೆ ಹಿಂದೆ ಬರುವವರಿಗೆ ಪೆಟ್ಟು. ಕಬ್ಬಿನ ಹೊಲದಿಂದ ಬಂದಿದ್ದರೆ ಸೈಲೆನ್ಸರಿನ ಸುತ್ತ ಸಿಕ್ಕ ಒಣ ರವದಿ ತೆಗೆಯಬೇಕು. ಕಾದ ಕೊಳವೆಗೆ ಅದು ಬೆಂಕಿಪೊಟ್ಟಣವಿದ್ದಂತೆ. ಬಳಿಕ ಪಾಟಾ, ಯು-ಬೋಲ್ಟ್, ಸೆಂಟರ್ ಬೋಲ್ಟ್, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು, ಬ್ರೇಕಿನ ಪೈಪು ಇವನ್ನು ಬ್ಯಾಟರಿಯ ಬೆಳಕಿನಲ್ಲಿ ಒಂದೊಂದಾಗಿ ನೋಡಬೇಕು. ಗ್ರೀಸನ್ನು ಹಳೆಯದು ಹೊರಬಂದು ಹೊಸದು ಕಾಣುವವರೆಗೆ ತುಂಬಬೇಕು. ಚಕ್ರ ಬಿಚ್ಚಿ ಹಾಕಿದ್ದರೆ ನೂರು ಕಿಲೋಮೀಟರಿನೊಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ನೀರಿನಲ್ಲಿ ಹಾಯ್ದು ಬಂದರೆ ಇನ್ನೊಂದು ಎಚ್ಚರ. 2019ರ ಆಗಸ್ಟ್ ಮತ್ತು 2021ರ ಜುಲೈ ಮಹಾಪೂರಗಳನ್ನು ಕಂಡ ನಮ್ಮ ತಾಲೂಕಿಗೆ ಇದನ್ನು ಹೇಳಲೇಬೇಕು. ಓಡಿ ಕಾದ ಹಿಂದಿನ ಹೌಸಿಂಗ್ ನೀರಿಗಿಳಿದೊಡನೆ ತಣ್ಣಗಾಗಿ ಉಸಿರುಗಂಡಿಯಿಂದ ನೀರನ್ನು ಒಳಗೆ ಎಳೆದುಕೊಳ್ಳಬಹುದು. ಒಳಗಿನ ಆಯಿಲ್ ಹಾಲು ಬೆರೆಸಿದ ಚಹದಂತೆ ಕಂಡರೆ ನೀರು ಸೇರಿದೆ ಎಂದರ್ಥ. ಆಗ ಪೂರ್ತಿ ಬದಲಿಸಬೇಕು, ಇಲ್ಲದಿದ್ದರೆ ಹಲ್ಲುಗಾಲಿ, ಬೇರಿಂಗ್ ಕೆಡುತ್ತವೆ. ನೆನೆದ ಬ್ರೇಕು ಹಿಡಿಯುವುದಿಲ್ಲ. ನೀರು ದಾಟಿದೊಡನೆ ನಿಧಾನವಾಗಿ ಚಲಿಸುತ್ತ ಮೆಲ್ಲಗೆ ಬ್ರೇಕು ಒತ್ತಿ ಒಣಗಿಸಿಕೊಳ್ಳಬೇಕು.

ಇದಕ್ಕೆಲ್ಲ ಒಂದು ತಾಸು ಸಾಕು. ಆ ತಾಸು ಚಾಲಕನ ಬಳಿ ಇರುವುದಿಲ್ಲ, ಮಾಲೀಕನ ಬಳಿ ಇರುತ್ತದೆ. ಕೊಟ್ಟರೆ ಅವನು ನೋಡುತ್ತಾನೆ, ಕೊಡದಿದ್ದರೆ ಹೇಳಿ ಸುಮ್ಮನಾಗುತ್ತಾನೆ. ಒಂದು ದಿನದ ಬಾಡಿಗೆ ಹೋದರೆ ಮರಳಿ ಗಳಿಸಬಹುದು. ಸ್ಟೇರಿಂಗ್ ಹಿಡಿದವನಿಗೂ ಮನೆಯಲ್ಲಿ ದಾರಿ ಕಾಯುವವರು ಇದ್ದಾರೆ.

ಮುರಿದ ಆ ಪಾಟಾದ ತುಂಡನ್ನು ನಾವು ಗುಜರಿಗೆ ಹಾಕಲಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಿದ್ದೇವೆ. ಚಾಲಕನ ಕ್ಷಮೆ ಕೇಳಿದಾಗ ಅವನು ನಕ್ಕು, “ಇರಲಿ ಬಿಡ್ರಿ ಸಾವುಕಾರ್ರ, ಇನ್ನ ಮ್ಯಾಲ ಕೂಡಿ ನೋಡೋಣ್ರಿ” ಎಂದ. ಅಂದಿನಿಂದ ಗಾಡಿ ಹೊರದಾರಿಯಿಂದ ಬಂದ ಮರುದಿನ ಬೆಳಿಗ್ಗೆ ಬೆಳಕು ಹಿಡಿಯುವ ಕೆಲಸ ನಮ್ಮದು.