ಬುಗ್ಗೆಗೆ ನೀರು ಬಂತೆ?

ಇಂಗ್ಲೆಂಡಿನ ವಿಲ್ಟ್‌ಶೈರ್. ಫೆಬ್ರವರಿ 1ರ ಬೆಳಿಗ್ಗೆ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆದ್ದಾರಿ ಬದಿಗೆ ಕಾರು ನಿಲ್ಲಿಸಿ ಹೊಲದಂಚಿನ ಕಾಲುದಾರಿ ಹಿಡಿದಿದ್ದೀರಿ. ಬೂಟಿಗೆ ಸುಣ್ಣನೆಲದ ಬಿಳಿ ಕೆಸರು ಮೆತ್ತುತ್ತಿದೆ. ತಿರುಗಿ ನೋಡಿದರೆ ಸಿಲ್ಬರಿ ಗುಡ್ಡ: ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಜನ ಹೊತ್ತು ಹಾಕಿ ಎಬ್ಬಿಸಿದ್ದು. ಯಾಕೆ ಎಬ್ಬಿಸಿದರೋ ಇಂದಿಗೂ ಗೊತ್ತಾಗಿಲ್ಲ.

ಮುಂದೆ ಹೋಗುತ್ತಿರುವಾಕೆ ವಿಕ್ಕಾ ಎಂಬ ಆಧುನಿಕ ಮಾಟಗಾತಿ ಮಾರ್ಗದವರು, ಅದರಲ್ಲೂ ಒಂಟಿ ಸಾಧಕಿ. ಕಪ್ಪು ನಿಲುವಂಗಿಯಿಲ್ಲ, ಚೂಪು ಟೋಪಿಯಿಲ್ಲ. ಹಳೆಯ ರೇನ್‌ಕೋಟು, ಬೆನ್ನಿಗೊಂದು ಚೀಲ. ಇವತ್ತು ಇಂಬೋಲ್ಕ್, ಚಳಿಯ ಹಿಡಿತ ಸಡಿಲವಾಗುವ ಹಬ್ಬ. ಕೆನೆಟ್ ನದಿಯ ಹುಟ್ಟು ಎನ್ನುವ ಸ್ವಾಲೋಹೆಡ್ ಬುಗ್ಗೆಗೆ ನೀರು ಬಂದಿದೆಯೋ ಇಲ್ಲವೋ, ಆಕೆಗೆ ಬೇಕಾದದ್ದು ಅಷ್ಟೇ. ಬೇಸಿಗೆ ಕಳೆಯುವಷ್ಟರಲ್ಲಿ ಬುಗ್ಗೆ ಸಾಮಾನ್ಯವಾಗಿ ಒಣಗಿರುತ್ತದೆ. ಚಳಿಗಾಲದ ಮಳೆಯೆಲ್ಲ ನೆಲದೊಳಗೆ ಇಂಗಿ, ಅಂತರ್ಜಲ ಮೇಲೇರಿದ ಮೇಲೆ ಮತ್ತೆ ಒಸರುತ್ತದೆ. ಕ್ಯಾಲೆಂಡರಿನ ಮಾತು ಅದು ಕೇಳುವುದಿಲ್ಲ.

ಇಳಿಜಾರು ಮುಗಿದಲ್ಲಿ ಬಾಗಿದ ವಿಲೋ ಮರ. ಕೊಂಬೆ ತುಂಬ ಬಟ್ಟೆಚೂರು, ರಿಬ್ಬನ್ನು, ಯಾವುದೋ ಮಗುವಿನ ಕಾಲ್ಚೀಲ. ಹರಕೆ ಮರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಗ್ಗಿ ನೋಡಿ: ಕಲ್ಲುಸಂದಿಯಿಂದ ಬೆರಳು ದಪ್ಪದ ಧಾರೆ, ತಳದ ಒಂದೊಂದು ಬೆಣಚು ಎಣಿಸುವಷ್ಟು ತಿಳಿ. ಕೈಯಿಟ್ಟರೆ ಮೂಳೆಯವರೆಗೂ ಚಳಿ.

"ಬಂದಿದೆ," ಅನ್ನುತ್ತಾರೆ ಆಕೆ.

ಬೆರಳಿನಿಂದಲೇ ಗಾಳಿಯಲ್ಲಿ ವೃತ್ತ ಬರೆಯುತ್ತಾರೆ. ಕಪ್ಪು ಹಿಡಿಯ 'ಅಥಾಮೆ' ಚೂರಿ ಮನೆಯಲ್ಲಿದೆ. ಹೊರಗೆ ತಂದು ಪೊಲೀಸರಿಗೆ ಉತ್ತರ ಹೇಳುವ ತಂಟೆ ಯಾಕೆ? ಮೂಡಲಿಗೆ ಗಾಳಿ, ತೆಂಕಲಿಗೆ ಬೆಂಕಿ, ಪಡುವಲಿಗೆ ನೀರು, ಬಡಗಲಿಗೆ ಮಣ್ಣು. ಆಮೇಲೆ ಫ್ಲಾಸ್ಕಿನ ಹಾಲು. ಕುರಿಗಳ ಕೆಚ್ಚಲು ತುಂಬುವ ಕಾಲ, ಹಬ್ಬಕ್ಕೆ ಹಾಲು ಬೇಕೇ ಬೇಕು. ಆದರೆ ಬುಗ್ಗೆಗೆ ಸುರಿದರೆ ನೀರು ಕೆಡುತ್ತದೆಂದು ತಾವೇ ಕುಡಿದುಬಿಡುತ್ತಾರೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಇದಕ್ಕೆಲ್ಲ ಅಪ್ಪಣೆ ಕೊಟ್ಟವರು ಯಾರು? ಯಾರೂ ಇಲ್ಲ. ಬ್ರಿಟನ್ನಿನ ಹಳೆಯ ಮಾಟಗಾತಿ ಕಾನೂನು ರದ್ದಾದದ್ದು 1951ರಲ್ಲಿ. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಪುಸ್ತಕ ಬರೆದು ಈ ಮಾರ್ಗವನ್ನು ಬೀದಿಗೆ ತಂದ. ಅವನ ಪರಂಪರೆಯಲ್ಲಿ ದೀಕ್ಷೆ ಪಡೆದವರೇ ದೀಕ್ಷೆ ಕೊಡಬೇಕು. ಒಬ್ಬೊಬ್ಬರೇ ನಡೆಯುವವರಿಗೆಂದೇ ಅಮೆರಿಕದ ಸ್ಕಾಟ್ ಕನಿಂಗ್‌ಹ್ಯಾಮ್ 1988ರಲ್ಲಿ ಕೈಪಿಡಿ ಬರೆದ ಮೇಲೆ ಆ ಬಾಗಿಲು ಹಾರುಹೊಡೆಯಿತು. ಇದೆಲ್ಲ ಇಪ್ಪತ್ತನೇ ಶತಮಾನದಲ್ಲಿ ರೂಪುಗೊಂಡ ಧರ್ಮ ಎಂದು ಇತಿಹಾಸಕಾರ ರೊನಾಲ್ಡ್ ಹಟನ್ ತೋರಿಸಿಕೊಟ್ಟಿದ್ದಾರೆ. ಆಕೆಗೆ ಅದರ ಬೇಸರವಿಲ್ಲ, ನನಗೂ ಇಲ್ಲ. ನನ್ನ ಅನುಮಾನ ಬೇರೆ: ತಿದ್ದುವವರೇ ಇಲ್ಲದ ಕಡೆ ತನಗೆ ತಾನೇ ಮೋಸ ಮಾಡಿಕೊಳ್ಳುವುದು ಎಷ್ಟು ಸುಲಭ! ಕೇಳಿದರೆ ಆಕೆ ಗಲ್ಲದಿಂದಲೇ ಬುಗ್ಗೆಯತ್ತ ಸನ್ನೆ ಮಾಡುತ್ತಾರೆ. ನೀರು ಬಾರದ ವರ್ಷ ಹಬ್ಬವನ್ನೇ ಮುಂದೂಡಿದ್ದುಂಟಂತೆ.

ಈಗ ಚೀಲದಿಂದ ಕತ್ತರಿ ಹೊರಬರುತ್ತದೆ. ಹತ್ತಿ ಬಟ್ಟೆ ಕೊಳೆತು ಹೋಗುತ್ತದೆ, ಇರಲಿ. ನೈಲಾನ್ ರಿಬ್ಬನ್ನು ಮಾತ್ರ ಕೊಂಬೆ ಬೆಳೆದಂತೆ ತೊಗಟೆಯೊಳಕ್ಕೆ ಇಳಿಯುತ್ತದೆ. ಆಕೆ ಒಂದೊಂದೇ ಕತ್ತರಿಸಿ ಜೇಬಿಗೆ ತುರುಕುತ್ತಾರೆ.

"ನೀವು ಎತ್ತರ ಇದ್ದೀರಿ, ಆ ಮೇಲಿನದು ತೆಗೀರಿ," ಎಂದು ಕತ್ತರಿ ನಿಮ್ಮ ಕೈಗೆ ಕೊಡುತ್ತಾರೆ. "ಕಾಲ್ಚೀಲ ಮುಟ್ಟಬೇಡಿ."