ಅತ್ತೆಯ ಮನೆಯ ಪ್ರೆಶರ್ ಟ್ಯಾಂಕು

ತಾಳವಾಡಿ ಸೀಮೆಯ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಹೇಳುವವನು ನಾನು. ಈ ಸೀಮೆ 1979ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಈಗ ಈರೋಡಿನಲ್ಲಿದೆ. ಆದರೂ ನಮ್ಮ ಎಷ್ಟೋ ಹುಡುಗರು ಕೆಲಸಕ್ಕೆಂದು ದಿಂಬಂ ಘಾಟಿ ಇಳಿದು ಹೋಗುವುದು ಕೊಯಮತ್ತೂರು, ತಿರುಪ್ಪೂರಿಗೇ. ಅಂಥ ಒಬ್ಬ ಹಳೆಯ ವಿದ್ಯಾರ್ಥಿ ಕಳೆದ ಬೇಸಿಗೆ ರಜೆಯಲ್ಲಿ ನನಗೇ ಪಾಠ ಹೇಳಿದ.

ಅನ್ನೂರಿನ ಹತ್ತಿರ ನಮ್ಮ ಅತ್ತೆ ಒಬ್ಬರೇ ಇದ್ದಾರೆ. ಹೆಂಚಿನ ಮನೆ, ಮೇಲೆ ತೊಟ್ಟಿ ಕೂರಿಸುವಂತಿಲ್ಲ. ಹಾಗಾಗಿ ಬಾವಿಯ ಮೋಟಾರಿಗೆ 100 ಲೀಟರಿನ ಪ್ರೆಶರ್ ಟ್ಯಾಂಕು ಜೋಡಿಸಿದೆ. 2024ರ ಆಗಸ್ಟಿನಲ್ಲಿ ಅತ್ತಿಕಡವು–ಅವಿನಾಶಿ ಯೋಜನೆ ಉದ್ಘಾಟನೆಯಾಯಿತು. ಭವಾನಿಯ ಹೆಚ್ಚುವರಿ ನೀರನ್ನು ಮೂರು ಜಿಲ್ಲೆಗಳ 1,045 ಕೆರೆಕುಂಟೆಗಳಿಗೆ ತುಂಬುವ ಯೋಜನೆ ಅದು. ಬಾವಿಗೆ ಇನ್ನು ಚಿಂತೆಯಿಲ್ಲ ಎಂದುಕೊಂಡಿದ್ದೆವು. ಹೋಗಿ ನೋಡಿದರೆ ಅತ್ತೆ ಹಗ್ಗ ಹಿಡಿದು ನೀರು ಸೇದುತ್ತಿದ್ದಾರೆ!

"ನಲ್ಲಿ ತಿರುಗಿಸಿದರೆ ಮೋಟಾರು ಟಕಟಕ ಅನ್ನುತ್ತೆ. ಸುಟ್ಟು ಹೋದರೆ ಅಂತ ಆರಿಸಿಬಿಟ್ಟೆ. ನಿಮಗ್ಯಾಕೆ ತೊಂದರೆ ಅಂತ ಹೇಳಲಿಲ್ಲ" ಎಂದರು.

ಒಂದು ಚೊಂಬು ನೀರು ತುಂಬುವಷ್ಟರಲ್ಲಿ ಮೋಟಾರು ಮೂರು ಸಲ ಹತ್ತಿ ಆರುತ್ತಿತ್ತು. ಮೋಟಾರೇ ಕೆಟ್ಟಿದೆ, ಹೊಸದು ತರೋಣ ಎಂದು ಹಣ ಹೊಂದಿಸುತ್ತಿದ್ದೆ. ಕೊಯಮತ್ತೂರಿನಲ್ಲಿ ಪಂಪು ರಿಪೇರಿ ಮಾಡುವ ಆ ಹುಡುಗನಿಗೆ ಒಂದು ಮಾತು ಕೇಳಿದೆ. ಮಾರನೆಯ ದಿನವೇ ಬಂದ.

ಬಂದವನು ಮೋಟಾರು ಮುಟ್ಟಲೇ ಇಲ್ಲ. ಟ್ಯಾಂಕನ್ನು ಬೆರಳಿನಿಂದ ಬಡಿದ. ಮೇಲಿಂದ ಕೆಳಗಿನವರೆಗೆ ಒಂದೇ ಮಂದ ಸದ್ದು. ಗಾಳಿ ತುಂಬುವ ವಾಲ್ವಿನ ಮೊಳೆ ಒತ್ತಿದ. ಗಾಳಿಯ ಬದಲು ನೀರು ಚಿಮ್ಮಿತು.

"ಒಳಗಿನ ರಬ್ಬರ್ ಚೀಲ ಹರಿದದೆ ಸಾ. ಗಾಳಿ ಹೋಗಿ ಪೂರಾ ನೀರೇ ತುಂಬ್ಕೊಂಡದೆ. ನೀರು ಕುಗ್ಗೋದಿಲ್ವಲ್ಲ, ಗಾಳಿ ತಾನೇ ಕುಗ್ಗೋದು. ಬಾಯ್ಲ್ ಅಂತ ಹೇಳಿದ್ರಲ್ಲ, ಅದು ಇದೇ ಅಲ್ವಾ? ಆಗ ತಿಳೀಲಿಲ್ಲ."

ನಾನು ಸುಮ್ಮನಾದೆ. 1662ರ ಬಾಯ್ಲನ ನಿಯಮವನ್ನು ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ! ತಾಪ ಬದಲಾಗದಿದ್ದರೆ, ಒತ್ತಡ ಹೆಚ್ಚಿದಂತೆ ಅನಿಲದ ಗಾತ್ರ ಕುಗ್ಗುತ್ತದೆ. ಕುಗ್ಗಿದ ಆ ಗಾಳಿಯೇ ನೀರನ್ನು ನಲ್ಲಿಗೆ ತಳ್ಳುತ್ತದೆ, ಮೋಟಾರಿಗೆ ವಿಶ್ರಾಂತಿ ಕೊಡುತ್ತದೆ. ಗಾಳಿ ಇಲ್ಲದಿದ್ದರೆ ಲೋಟ ನೀರಿಗೂ ಮೋಟಾರು ಏಳಬೇಕು. ಏಳುವಾಗಲೆಲ್ಲ ಅದು ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ ಎಳೆದು ಕಾಯುತ್ತದೆ. ಮಕ್ಕಳಿಗೆ ನಾನು ಇದನ್ನು ಹೇಳಿದ್ದೇ ಇಲ್ಲ.

ತಗಡಿಗೂ ತುಕ್ಕು ಹಿಡಿದಿದ್ದರಿಂದ ಟ್ಯಾಂಕನ್ನೇ ಬದಲಿಸಿದೆವು. ಫ್ಯೂಸ್ ಕಿತ್ತು, ನಲ್ಲಿ ಬಿಟ್ಟು, ಗೇಜು ಸೊನ್ನೆಗೆ ಬಂದ ಮೇಲಷ್ಟೇ ಪೈಪು ಬಿಚ್ಚಿದ. ಹೊಸ ಟ್ಯಾಂಕಿಗೆ ನೀರು ಬಿಡುವ ಮೊದಲೇ ಗಾಳಿ ಅಳೆದ. ಸ್ವಿಚ್ಚು 20 ಪೌಂಡಿಗೆ ಹತ್ತಿ 40ಕ್ಕೆ ಆರುವಂಥದ್ದು. ಗಾಳಿ ಅದಕ್ಕಿಂತ ಎರಡು ಕಮ್ಮಿ, 18 ಇರಬೇಕಂತೆ. ಸೈಕಲ್ ಪಂಪಿನಿಂದ ಸರಿಮಾಡಿದ.

ರಾತ್ರಿ ಕೂತು ಲೆಕ್ಕ ಹಾಕಿದೆ. ವಾತಾವರಣದ ಒತ್ತಡವನ್ನೂ ಸೇರಿಸಿದರೆ, 100 ಲೀಟರಿನ ಟ್ಯಾಂಕಿನಿಂದ ಮೋಟಾರು ಏಳದೆ ಸಿಗುವ ನೀರು ಸುಮಾರು 34 ಲೀಟರ್. ಉಳಿದ ಜಾಗದಲ್ಲಿ ಹೆಚ್ಚಿನದು ಗಾಳಿಯದೇ.

ಹರಿದ ರಬ್ಬರ್ ಚೀಲವನ್ನು ತಂದು ಶಾಲೆಯ ಬೀರುವಿನಲ್ಲಿ ಇಟ್ಟಿದ್ದೇನೆ. ಈ ಪಾಠಕ್ಕೆ ಮೊದಲು ಅದು ಮೇಜಿನ ಮೇಲೆ ಬರುತ್ತದೆ, ಆಮೇಲೆ ಸೂತ್ರ. ಶಿಕ್ಷಕ ಮಿತ್ರರೇ, ನಿಮ್ಮೂರಿನ ಪಂಪು ಅಂಗಡಿಯಲ್ಲೂ ಇಂಥದ್ದೊಂದು ಬಿದ್ದಿರಬಹುದು, ಕೇಳಿ ನೋಡಿ. ಅಂದ ಹಾಗೆ, ಅತ್ತೆಗೆ ಈಗ ವಾರಕ್ಕೊಮ್ಮೆ ಫೋನು ಮಾಡಿ ಮೊದಲು ನೀರಿನ ವಿಷಯ ಕೇಳುತ್ತೇನೆ. ಕೇಳದಿದ್ದರೆ ಅವರು ಹೇಳುವವರಲ್ಲ.