ಹರೂರಿನ ಸುತ್ತ ಒಂದು ಗೀಟು

ಸವಾರಿಯ ಅರ್ಧ ಸುಖ ಸೈಕಲ್ ಹತ್ತುವ ಮೊದಲೇ ಸಿಕ್ಕಿಬಿಡುತ್ತದೆ ಎಂದರೆ ಸೈಕಲ್ಲಿನವರು ಒಪ್ಪಲಾರರು. ತೊಡೆ ಬಿಗಿಯಬೇಕು, ಬೆವರು ಹುಬ್ಬು ದಾಟಿ ಕಣ್ಣಿಗಿಳಿಯಬೇಕು, ಸುಖದ ಮಾತು ಆಮೇಲೆ ಎನ್ನುತ್ತಾರೆ. ನನಗಂತೂ ನೆಲದ ಮೇಲೆ ನಕ್ಷೆ ಹರಡಿಕೊಂಡು, ಬೋರಲು ಮಲಗಿ, ಮೊಂಡು ಪೆನ್ಸಿಲ್ಲಿನಲ್ಲಿ ದಾರಿ ಎಳೆಯುತ್ತ ಕಳೆಯುವ ಮಧ್ಯಾಹ್ನವೂ ಸವಾರಿಯೇ. ಈಚೆಗೆ ನನ್ನ ಗಾಲಿಗನಸುಗಳೆಲ್ಲ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಹರೂರಿನ ಸುತ್ತ ತಿರುಗುತ್ತಿವೆ.

ಹರೂರೇ ಯಾಕೆ? ಡಾಂಬರು, ಕೆಮ್ಮಣ್ಣು, ಹೊಳೆಯ ಮರಳು, ಕಲ್ಲುಗುಡ್ಡ ಇಷ್ಟೂ ಅಲ್ಲಿ ಒಂದರ ಮಗ್ಗುಲಿಗೊಂದು ಸಿಗುತ್ತವೆ. ಒಣನೆಲ. ಹುಣಸೆ, ಬೇಲ, ಜಾಲಿ ಬೆಳೆಯುವ ನೆಲ. ಕಡಲು ಅಲ್ಲಿಂದ ದೂರ, ಆದರೆ ಕಡಲಿಗೆ ಹೊರಟ ನದಿಯೊಂದು ಊರಿನ ಉತ್ತರಕ್ಕೆ ಹರಿಯುತ್ತದೆ. ಅದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ. ಹೊಸೂರಿನ ಪಕ್ಕದ ಕೆಲವರಪಳ್ಳಿಯಲ್ಲಿ ಒಮ್ಮೆ, ಕೃಷ್ಣಗಿರಿಯಲ್ಲಿ ಇನ್ನೊಮ್ಮೆ ಅಣೆಕಟ್ಟಿಗೆ ಸಿಕ್ಕಿ, ಬಿಡಿಸಿಕೊಂಡು, ಸಾತನೂರಿನ ಕಡೆ ಹೊರಟು, ಕೊನೆಗೆ ಕಡಲೂರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಬೆಂಗಳೂರಿನ ಮಗ್ಗುಲಲ್ಲಿ ಕಂಡ ಹೊಳೆಯನ್ನು ಇಷ್ಟು ದೂರದ ನಕ್ಷೆಯಲ್ಲಿ ಮತ್ತೆ ಕಂಡಾಗ ಮದುವೆಮನೆಯ ಗದ್ದಲದಲ್ಲಿ ನಮ್ಮೂರಿನವರು ಸಿಕ್ಕಷ್ಟು ಖುಷಿ. ನೊಳಂಬರು ಆಳಿದ, ಕನ್ನಡ ಶಾಸನಗಳನ್ನು ಬರೆಸಿದ ಜಿಲ್ಲೆ ಅದು; ಆ ನೆಲದಲ್ಲಿ ನಾವು ಪೂರ್ತಿ ಹೊರಗಿನವರೇನಲ್ಲ.

ಸರ್ವೆ ಆಫ್ ಇಂಡಿಯಾದವರು ಮಾತ್ರ ಈ ಊರನ್ನು ಅಂಚಿಗೆ ನೂಕಿದ್ದಾರೆ. 12 ಡಿಗ್ರಿ ಅಕ್ಷಾಂಶದ ಗೆರೆ ಹರೂರಿಗೆ ತುಸು ದಕ್ಷಿಣದಲ್ಲಿ ಹಾಯುವುದರಿಂದ ಊರೂ ತೀರ್ಥಮಲೆಯೂ 57-ಎಲ್ ಹಾಳೆಗಳ ಪಾಲು, ಚಿತ್ತೇರಿ ಬೆಟ್ಟ 58-ಐ ಪಾಲು. ಎರಡನ್ನೂ ಅಂಚಿಗೆ ಅಂಚು ಕೂಡಿಸಿದರೇ ನನ್ನ ಸುತ್ತು ಪೂರ್ತಿಯಾಗುವುದು. ಮೇಲಿನ ಹಾಳೆಯಲ್ಲಿ ಹೊರಟ ಬಂಡಿದಾರಿ ಕೆಳಗಿನದಕ್ಕೆ ಇಳಿಯುವಾಗ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಪೆನ್ಸಿಲ್ ತಡವರಿಸುತ್ತದೆ. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರಿನ ಲೆಕ್ಕದ ನಕ್ಷೆ ಇದು. ಇಪ್ಪತ್ತು ಮೀಟರ್ ಏರಿದರೆ ಒಂದು ಕಂದುಗೆರೆ. ಹರೂರಿನ ಸುತ್ತ ಗೆರೆಗಳು ಆರಾಮವಾಗಿ ಕೈಕಾಲು ಚಾಚಿ ಮಲಗಿವೆ. ಚಿತ್ತೇರಿಯ ಬುಡಕ್ಕೆ ಬಂದರೆ ಒಂದನ್ನೊಂದು ಒತ್ತಿಕೊಂಡು ನಿಂತಿರುತ್ತವೆ, ಕಾಗದದ ಮೇಲೆಯೇ ಏದುಸಿರು ಬರುತ್ತದೆ.

ಹೊರಡುವುದು ಮೊರಪ್ಪೂರಿನಿಂದ. ಜೋಲಾರ್‌ಪೇಟೆ–ಸೇಲಂ ಹಳಿಯ ಮೇಲಿನ ನಿಲ್ದಾಣ. 1906ರಲ್ಲಿ ಅಲ್ಲಿಂದ ಧರ್ಮಪುರಿಗೆ ಪುಟ್ಟ ನ್ಯಾರೋಗೇಜ್ ರೈಲು ಶುರುವಾಗಿತ್ತು, ಎರಡನೇ ಮಹಾಯುದ್ಧದ ಕಾಲಕ್ಕೆ ನಿಂತುಹೋಯಿತು. ರೈಲಿಗೆಂದು ಹಾಸಿದ ನೆಲ ಎಲ್ಲಿಯೂ ಥಟ್ಟನೆ ಏರುವುದಿಲ್ಲ. ಹಳಿ ಕಿತ್ತ ದಾರಿಯಷ್ಟು ಸೈಕಲ್ಲಿಗೆ ಒಗ್ಗುವ ದಾರಿ ಇನ್ನೊಂದಿಲ್ಲ ಎಂದುಕೊಳ್ಳುತ್ತ ನಕ್ಷೆಯಲ್ಲಿ ಅದರ ಜಾಡು ಹುಡುಕುವುದರಲ್ಲೇ ಒಂದು ಗಂಟೆ ಹೋಗುತ್ತದೆ. ಹೋಗಲಿ ಬಿಡಿ.

ಮೊರಪ್ಪೂರಿನಿಂದ ಹರೂರಿಗೆ, ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ತೀರ್ಥಮಲೆಗೆ. ಪೂಜೆಗೆ ನೀರಿಲ್ಲದೆ ರಾಮ ಬಂಡೆಗೆ ಬಾಣ ಬಿಟ್ಟು ನೀರು ತಂದನೆಂಬ ಕಥೆ ಈ ಬೆಟ್ಟದ್ದು. ರಾಮ, ಕುಮಾರ, ಗೌರಿ, ಅಗಸ್ತ್ಯ, ಅಗ್ನಿ ಎಂದು ಐದು ತೀರ್ಥಗಳು ಮೇಲಿವೆ. ಒಣಸೀಮೆಯ ಜನ ದೇವರಲ್ಲಿ ಮೊದಲು ಕೇಳುವುದು ನೀರನ್ನೇ. ಇಲ್ಲಿ ಒಂದು ಧರ್ಮಸಂಕಟ: ಬೆಟ್ಟವೆಂದರೆ ಪ್ರದಕ್ಷಿಣೆ ಬರಬೇಕು, ಬಲಕ್ಕೆ ತಿರುಗುತ್ತ ಹೋಗಬೇಕು. ರಸ್ತೆಯ ಎಡಬದಿಯಲ್ಲಿ ಹೋಗುವ ಸೈಕಲ್ಲಿಗಾದರೋ ಎಡಕ್ಕೆ ತಿರುಗುವುದೇ ಸಲೀಸು. ಬಲಕ್ಕೆ ತಿರುಗಬೇಕಾದರೆ ಪ್ರತಿಸಲ ಲಾರಿಗಳಿಗೆ ಅಡ್ಡ ಹಾಯಬೇಕು. ತುಂಬ ಯೋಚಿಸಿ, ಹೆದ್ದಾರಿ ಸಿಗುವ ಕಡೆ ಅಪ್ರದಕ್ಷಿಣೆ, ಹಳ್ಳಿದಾರಿಗಳಲ್ಲಿ ಪ್ರದಕ್ಷಿಣೆ ಎಂದು ಗೀಟನ್ನು ಎಂಟರ ಅಂಕಿಯ ಹಾಗೆ ತಿರುವಿದ್ದೇನೆ. ಸುತ್ತು ಇನ್ನಷ್ಟು ಉದ್ದವಾಯಿತು. ಉದ್ದವಾಗಲಿ ಎಂದೇ ಅಲ್ಲವೇ ಎಳೆಯುವುದು?

ಇನ್ನು ಟೈರಿನ ಮಾತು. ಡಾಂಬರಿಗೆ 28 ಮಿಲಿಮೀಟರಿನ ಸಪೂರ ಟೈರು ಚೆಂದ, ಮರಳಿಗೆ ಅದು ಹೂತುಕೊಳ್ಳುತ್ತದೆ. 40ರ ದಪ್ಪ ಟೈರಿಗೆ ಗಾಳಿ ತುಸು ಕಡಿಮೆ ಹಾಕಿದರೆ ಜಲ್ಲಿಯನ್ನೂ ಮೆತ್ತಗೆ ತುಳಿದು ಹೋಗುತ್ತದೆ. ಅಲ್ಲಿನ ನಿಜವಾದ ಯಜಮಾನ ಬಳ್ಳಾರಿ ಜಾಲಿ. ಅದರ ಮುಳ್ಳು ಟೈರು ದಾಟಿ ಟ್ಯೂಬಿಗೆ ಇಳಿದು, ಬುಡ ಮುರಿದು, ತುದಿಯನ್ನಷ್ಟೇ ಒಳಗೆ ಉಳಿಸುತ್ತದೆ. ಪ್ಯಾಚ್ ಹಾಕಿ ಹೊರಟರೆ ಹತ್ತು ಮಾರಿಗೆ ಮತ್ತೆ ಪಂಚರ್. ಟೈರಿನ ಒಳಮೈಗೆ ಹತ್ತಿಯ ಉಂಡೆಯನ್ನು ನಿಧಾನವಾಗಿ ಸವರುತ್ತ ಬರಬೇಕು. ಎಳೆ ಸಿಕ್ಕಿಕೊಂಡ ಕಡೆ ನಿಂತರೆ, ಕಣ್ಣಿಗೆ ಕಾಣದ ಕಂದು ಮೊನೆ ಬೆರಳಿಗೆ ಚುರುಕ್ಕೆನ್ನುತ್ತದೆ.

ಚಿತ್ತೇರಿಯ ಬುಡದಲ್ಲಿ ವಾಚಾತ್ತಿ ಎಂಬ ಊರಿದೆ. ಪೆನ್ಸಿಲ್ ಅಲ್ಲಿ ನಿಲ್ಲುತ್ತದೆ. 1992ರ ಜೂನ್ 20ರಂದು ಶ್ರೀಗಂಧ ಹುಡುಕಲು ಬಂದ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಸಿಬ್ಬಂದಿ ಅಲ್ಲಿನ ಬುಡಕಟ್ಟಿನ ಜನರ ಮನೆಗಳನ್ನು ಹಾಳುಗೆಡವಿದರು, ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. 2011ರಲ್ಲಿ ಧರ್ಮಪುರಿಯ ನ್ಯಾಯಾಲಯ 215 ಜನರನ್ನು ಅಪರಾಧಿಗಳೆಂದಿತು; 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸವಾರಿಯ ಗೀಟು ಎಳೆಯುವವನು ಇಂಥ ಊರನ್ನು ಬಳಸಿಕೊಂಡು ಹೋಗಬಾರದು. ನೋಡುವ ತಾಣವೆಂಬಂತೆ ಅದನ್ನು ಗುರುತು ಹಾಕಿಕೊಳ್ಳಲೂಬಾರದು. ದಾರಿ ಅದರ ಬಳಿ ಹಾಯುತ್ತದೆ, ಹಾಯಲಿ. ಅದು ಯಾವ ಊರೆಂದು ತಿಳಿದು ಹಾಯೋಣ.

ಅಲ್ಲಿಂದ ಮೇಲೆ ಮಲೆಯಾಳಿ ಬುಡಕಟ್ಟಿನವರ ಚಿತ್ತೇರಿ. ಏರಿ ಇಳಿಯುವುದನ್ನು ಅದೇ ದಿನದ ಸಂಜೆಗೆ ತುರುಕಬೇಕೆಂದು ಪೆನ್ಸಿಲ್ಲಿಗೆ ಆಸೆ, ಬೇಡ.

ನೀವೂ ಹೊರಡುವುದಾದರೆ ಹಿಂಗಾರು ಮುಗಿದ ಮೇಲೆ, ಜನವರಿಯ ಹೊತ್ತಿಗೆ ಹೊರಡಿ. ಮೀಸಲು ಕಾಡಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಕೇಳಿಕೊಳ್ಳಿ. ಟ್ಯೂಬು ಎರಡಿರಲಿ, ಹತ್ತಿ ಮರೆಯಬೇಡಿ. ಚಿತ್ತೇರಿಗೆ ಮಾತ್ರ ಇಡೀ ಒಂದು ದಿನ ಬೇರೆ ಇಟ್ಟುಕೊಳ್ಳಿ.